ತಾರಸಿಯ ಮೇಲೊಂದು ಅಶ್ವತ್ಥಕಟ್ಟೆ

(ಮೈಸೂರಿನ ನಮ್ಮ ಬಡಾವಣೆಯಲ್ಲಿ ಕೈತೋಟದ ಆಸಕ್ತರು ಒಂದು ಭಾನುವಾರ ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ. ಪುನರುಕ್ತಿಗಳನ್ನು ತೆಗೆದಿದ್ದೇನೆ, ಕೊಂಕುಗಳನ್ನು ಹಾಗೆಯೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೋನ್ಸಾಯ್ ಎಂದರೆ ಗಿಡಕ್ಕೆ ನೀರು, ಗೊಬ್ಬರ ಕಡಿಮೆ ಕೊಟ್ಟು, ಹೊಟ್ಟೆಗಿಲ್ಲದಂತೆ ಮಾಡಿ ಕುಳ್ಳಗೆ ಉಳಿಸುವುದು ಎಂದು ನಂಬಿರುವವರು ಒಮ್ಮೆ ಕೈ ಎತ್ತಿ. ಮುಕ್ಕಾಲು ಪಾಲು ಕೈಗಳು ಮೇಲಿವೆ. ಒಳ್ಳೆಯದಾಯಿತು, ನನಗೆ ಮಾತನಾಡಲು ವಿಷಯ ಸಿಕ್ಕಿತು. ಗಿಡವನ್ನು ಉಪವಾಸ ಕೆಡವಿದರೆ ಅದು ಕುಳ್ಳಾಗುವುದಿಲ್ಲ, ಒಣಗುತ್ತದೆ. ಬೋನ್ಸಾಯ್ ಎನ್ನುವುದು ಕುಳ್ಳ ತಳಿಯೂ ಅಲ್ಲ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಅಗಲ ಕುಂಡದೊಳಗೆ ಠೀವಿಯಿಂದ ನಿಂತಿರುವ ಆಲವೂ ನಂಜನಗೂಡು ರಸ್ತೆಯ ಪಕ್ಕದ ಆಲವೂ ಒಂದೇ ಜಾತಿ. ಕುಂಡದಿಂದ ಬಿಡಿಸಿ ನೆಲದಲ್ಲಿ ನೆಟ್ಟರೆ ಅದೂ ಒಂದು ದಿನ ನಿಮ್ಮ ಕಾಂಪೌಂಡ್ ಗೋಡೆಯನ್ನು ಸೀಳುತ್ತದೆ.

ನಾನು ಈ ವಿದ್ಯೆಯ ಪಂಡಿತನಲ್ಲ. ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತನಾದವನು. ಮನೆಯಲ್ಲಿ ಅಮ್ಮ ಇದ್ದಾರೆ, ಹೆಂಡತಿ, ಮಗ, ಸೊಸೆ, ಪ್ರಾಥಮಿಕ ಶಾಲೆಗೆ ಹೋಗುವ ಮೊಮ್ಮಗ ಇದ್ದಾರೆ. ಇವರಲ್ಲಿ ಯಾರೂ ಬೋನ್ಸಾಯ್ ಕಲಿಯಬೇಕೆಂದು ಹೊರಟವರಲ್ಲ. ಆದರೂ ಈಗ ನಮ್ಮ ತಾರಸಿಯಲ್ಲಿ ಬಟ್ಟೆ ಒಣಗಿಸಲು ಜಾಗ ಸಾಲದು ಎಂಬ ದೂರು ದಿನವೂ ಬರುತ್ತದೆ. ಒಂದು ಸಾಧಾರಣ ಸಂಸಾರ ಮೊದಲ ಸಲ ಈ ಕೆಲಸಕ್ಕೆ ಕೈ ಹಾಕಿದಾಗ ಏನೇನಾಗುತ್ತದೆ ಎಂದು ಹೇಳಲು ಬಂದಿದ್ದೇನೆ. ಪ್ರದರ್ಶನದಲ್ಲಿ ಬಹುಮಾನ ಗೆಲ್ಲುವ ಉಪಾಯ ಬೇಕಾದವರು ಬೇರೆಯವರನ್ನು ಕೇಳಬೇಕು.

ಶುರುವಾದದ್ದು ಸೊಸೆಗೆ ಉಡುಗೊರೆಯಾಗಿ ಬಂದ ಒಂದು ಜುನಿಪರ್ ಗಿಡದಿಂದ. ಹೊಳೆಯುವ ಕುಂಡ, ಮಣ್ಣಿನ ಮೇಲೆ ಅಂಟು ಹಾಕಿ ಕೂರಿಸಿದ ಬಿಳಿ ಕಲ್ಲುಗಳು, ಬುಡದಲ್ಲೊಂದು ಪುಟ್ಟ ಬುದ್ಧ. ಟಿ.ವಿ.ಯ ಪಕ್ಕ ಚೆನ್ನಾಗಿ ಕಾಣುತ್ತದೆ ಎಂದು ಅಲ್ಲೇ ಇಟ್ಟರು. ಜುನಿಪರ್ ತಂಪು ನಾಡಿನ, ಬಯಲಿನ ಮರ. ಅದಕ್ಕೆ ಬಿಸಿಲು ಬೇಕು, ಗಾಳಿ ಬೇಕು, ಚಳಿಗಾಲದಲ್ಲಿ ಮಲಗಿ ಏಳುವ ವಿರಾಮವೂ ಬೇಕು. ನಮ್ಮ ಹಜಾರದಲ್ಲಿ ಇದ್ದದ್ದು ಟ್ಯೂಬ್‌ಲೈಟ್ ಮತ್ತು ಧಾರಾವಾಹಿ. ಈ ಜಾತಿಯ ಗಿಡದ ಇನ್ನೊಂದು ಮೋಸವೆಂದರೆ ಬೇರು ಸತ್ತ ಮೇಲೂ ಎಲೆ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ಹಾಗಾಗಿ ಸತ್ತ ಗಿಡಕ್ಕೆ ಇಡೀ ಮನೆಯವರು ಸರದಿಯ ಮೇಲೆ ನೀರು ಹಾಕುತ್ತಿದ್ದೆವು. ಕೊನೆಗೆ ಅಮ್ಮ ಒಂದು ಕಡ್ಡಿಯನ್ನು ಲಟಕ್ಕನೆ ಮುರಿದು ತೋರಿಸಿ, "ಇದು ಹೋಗಿ ಎಷ್ಟು ದಿನವಾಯಿತೋ ಏನೋ, ತಿಥಿ ಮಾಡಿ" ಎಂದರು.

ಕುಂಡ ಮಾತ್ರ ಚೆನ್ನಾಗಿತ್ತು. ಖಾಲಿ ಕುಂಡ ಕಣ್ಣಿಗೆ ಬೀಳುತ್ತಲೇ ಇದ್ದದ್ದರಿಂದ ಅದಕ್ಕೊಂದು ಗಿಡ ಬೇಕಲ್ಲ ಎಂದು ಮಗ ಮೊಬೈಲಿನಲ್ಲಿ ಓದಲು ಶುರು ಮಾಡಿದ. ಓದಿದಷ್ಟೂ ಗೊಂದಲ. ಪೈನ್, ಮೇಪಲ್, ಜುನಿಪರ್; ವಸಂತದಲ್ಲಿ ಮೊಗ್ಗು ಒಡೆಯುವ ಮುಂಚೆ ಕುಂಡ ಬದಲಿಸಿ; ಹಿಮ ಬೀಳುವಾಗ ಹೀಗೆ ರಕ್ಷಿಸಿ. ಮೈಸೂರಿನಲ್ಲಿ ಹಿಮವನ್ನು ಎಲ್ಲಿಂದ ತರುವುದು? ಆಗ ನಂಜನಗೂಡು ರಸ್ತೆಯಲ್ಲಿರುವ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನಕ್ಕೆ ಎಲ್ಲರೂ ಹೋದೆವು. ಊರಿನವರಾಗಿ ನಾವು ಅದನ್ನು ನೋಡಿಯೇ ಇರಲಿಲ್ಲ. ನೆಂಟರು ಬಂದಾಗ ಅರಮನೆ, ಮೃಗಾಲಯ, ಬೆಟ್ಟ ಇಷ್ಟೇ ತಾನೆ. ಅಲ್ಲಿ ನನ್ನ ಕಣ್ಣು ತೆರೆಸಿದ್ದು ವಿದೇಶಿ ಗಿಡಗಳಲ್ಲ. ನಾವು ದಿನವೂ ಬೀದಿಯಲ್ಲಿ ಕಾಣುವ ಮರಗಳೇ ಮೊಣಕಾಲೆತ್ತರಕ್ಕೆ ನಿಂತಿದ್ದವು. ಆ ಮರಗಳಿಗೆ ನಮ್ಮ ಬಿಸಿಲು, ನಮ್ಮ ಮಳೆ, ನಮ್ಮ ನೀರು ಹೊಸದಲ್ಲ. ಹೊಸದಾಗಿದ್ದದ್ದು ಕುಂಡವೊಂದೇ.

ಹಾಗಾದರೆ ಗಿಡ ಎಲ್ಲಿಂದ ತರುವುದು? ನಿಮ್ಮ ಮನೆಯ ತಾರಸಿಗೆ ಹತ್ತಿ ನೀರಿನ ಟ್ಯಾಂಕಿನ ಹಿಂದೆ ಒಮ್ಮೆ ಬಗ್ಗಿ ನೋಡಿ. ಮಳೆನೀರಿನ ಕೊಳವೆ ಗೋಡೆಗೆ ಸೇರುವ ಕಡೆ, ಗಾರೆ ಬಿರಿದಿರುವ ಕಡೆ, ಆಲವೋ ಅರಳಿಯೋ ಬಸರಿಯೋ ಒಂದಾದರೂ ಇರುತ್ತದೆ. ಹಕ್ಕಿಗಳು ಹಣ್ಣು ತಿಂದು ಹಿಕ್ಕೆ ಹಾಕಿದ ಕಡೆಯಲ್ಲೆಲ್ಲ ಇವು ಹುಟ್ಟುತ್ತವೆ. ಪ್ರತಿ ವರ್ಷ ಬಣ್ಣ ಬಳಿಯುವವರು ಬಂದಾಗ ಕಿತ್ತು ಎಸೆಯುತ್ತೇವೆ, ಮುಂದಿನ ವರ್ಷ ಮತ್ತೆ ಹಾಜರು. ಹಿಡಿ ಮಣ್ಣೂ ಇಲ್ಲದ ಬಿರುಕಿನಲ್ಲಿ, ಸಿಮೆಂಟಿನ ಕಾವಿನಲ್ಲಿ, ವರ್ಷಗಟ್ಟಲೆ ಬಾಳಿದ ಗಿಡವದು. ಇದಕ್ಕಿಂತ ಗಟ್ಟಿ ಸಸಿ ಯಾವ ನರ್ಸರಿಯಲ್ಲಿ ಸಿಗುತ್ತದೆ?

ನಮ್ಮ ಟ್ಯಾಂಕಿನ ಹಿಂದೆ ಎರಡಿದ್ದವು: ಒಂದು ಆಲ, ಒಂದು ಅರಳಿ. ಎಳೆದರೆ ಬೇರಿಲ್ಲದ ಕಾಂಡ ಮಾತ್ರ ಕೈಗೆ ಬರುತ್ತದೆ ಎಂದು ಗೊತ್ತಿತ್ತು. ಮಗ ಉಳಿ ಹಿಡಿದು ಗಾರೆಯನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿದ. ಬೇರುಗಳು ಇಟ್ಟಿಗೆಯ ಸಂದಿನಲ್ಲಿ ಚಪ್ಪಟೆಯಾಗಿ, ಸಂದು ಹೇಗಿದೆಯೋ ಹಾಗೆ ಮಡಚಿಕೊಂಡಿದ್ದವು. ಆ ಚಪ್ಪಟೆ ಬೇರೇ ನಮ್ಮ ಆಲದ ಈಗಿನ ಅಂದ. ಆಲದ ಜಾತಿಯ ಗಿಡಗಳು ಮಹಾ ಗಟ್ಟಿಗರು. ಬೇರಿನಲ್ಲಿ ಒಂದು ಪಾಲು ಕತ್ತರಿಸಿದರೂ ತಡೆದುಕೊಳ್ಳುತ್ತವೆ. ಕತ್ತರಿಸಿದ ಕೊಂಬೆಯನ್ನೇ ನೆಟ್ಟರೂ ಬೇರು ಬಿಡುತ್ತವೆ. ಗಾಯದಿಂದ ಹಾಲು ಸುರಿಯುವುದನ್ನು ಕಂಡು ಗಾಬರಿಯಾಗಬೇಡಿ, ನೀರು ಚಿಮುಕಿಸಿ ಒರೆಸಿದರೆ ನಿಲ್ಲುತ್ತದೆ. ಒಂದು ಮಾತು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ: ಗೋಡೆಯ ಗಿಡ ಬೇಕಾದಷ್ಟಿದೆ, ಕಾಡಿಗೆ ಹೋಗಿ ಗಿಡ ಕೀಳಬೇಡಿ. ಅದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ.

ಇಷ್ಟರಲ್ಲಿ ಅಮ್ಮನ ವಿರೋಧ ಎದ್ದಿತು. "ಬೆಳೆಯುವ ಗಿಡದ ತಲೆ ಚಿವುಟಿ ನಿನಗೆ ಏನು ಸಿಗುತ್ತದೆ? ಮನೆಯಲ್ಲಿ ಮಗುವಿದೆ. ಕುಗ್ಗಿದ ಗಿಡ ಇರಬಾರದು." ಅಮ್ಮನ ಜೊತೆ ವಾದಕ್ಕೆ ಇಳಿಯುವ ಧೈರ್ಯ ನನಗಿಲ್ಲ. ವಾದ ಮಾಡಿದವಳು ನನ್ನ ಹೆಂಡತಿ. "ಅತ್ತೆ, ತುಳಸಿಯ ತೆನೆಯನ್ನು ನೀವು ದಿನಾ ಚಿವುಟುವುದಿಲ್ಲವೇ? ಮಲ್ಲಿಗೆ ಬಳ್ಳಿಯನ್ನು ವರ್ಷಕ್ಕೊಮ್ಮೆ ಬೋಳು ಮಾಡುವವರು ಯಾರು?" ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಹೂವಿಗೋಸ್ಕರ" ಎಂದರು. ಮಾತು ಅಲ್ಲಿಗೆ ನಿಂತಿತು, ಆದರೆ ಮಾರನೆಯ ಬೆಳಿಗ್ಗೆ ಆಲದ ಕುಡಿಗಳು ಅಚ್ಚುಕಟ್ಟಾಗಿ ಚಿವುಟಿದ್ದವು. ನಮ್ಮಲ್ಲಿ ಯಾರೂ ಚಿವುಟಿರಲಿಲ್ಲ.

ಅಮ್ಮನ ಬೆರಳಿಗೆ ಗೊತ್ತಿರುವ ಈ ಕೆಲಸದ ಹಿಂದಿನ ಕಾರಣ ಸರಳವಾಗಿದೆ. ಕೊಂಬೆಯ ತುದಿಯ ಕುಡಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ಹುಟ್ಟಿ ಕೆಳಗೆ ಇಳಿಯುತ್ತದೆ. ಅದು ಇಳಿಯುತ್ತಿರುವವರೆಗೂ ಪಕ್ಕದ ಮೊಗ್ಗುಗಳು ಏಳುವುದಿಲ್ಲ. ತುದಿ ಹೋದರೆ ಅಂಕೆ ತಪ್ಪಿತು, ಪಕ್ಕದ ಮೊಗ್ಗುಗಳೆಲ್ಲ ಚಿಗುರುತ್ತವೆ. ಒಂದು ಕೊಂಬೆ ಇದ್ದಲ್ಲಿ ಎರಡು, ಎರಡು ಇದ್ದಲ್ಲಿ ನಾಲ್ಕು. ಎಲೆಗಳು ಹೆಚ್ಚಿದಂತೆ ಒಂದೊಂದು ಎಲೆಯ ಅಳತೆಯೂ ಕಡಿಮೆಯಾಗುತ್ತ ಬರುತ್ತದೆ. ಬಿಸಿಲು ಚೆನ್ನಾಗಿದ್ದರೆ ಇನ್ನೂ ಬೇಗ. ಮರ ಚಿಕ್ಕದಾಗಿದ್ದೂ ದೊಡ್ಡದರಂತೆ ಕಾಣುವ ಗುಟ್ಟಿನಲ್ಲಿ ಅರ್ಧ ಇದೇ.

ಉಳಿದರ್ಧ ಕಾಂಡದಲ್ಲಿದೆ, ಮತ್ತು ಇದನ್ನು ಅರಿಯಲು ನಮಗೆ ಬಹಳ ಕಾಲ ಹಿಡಿಯಿತು. ಚಿಕ್ಕ ಕುಂಡದಲ್ಲಿ ಕಾಂಡ ದಪ್ಪವಾಗುವುದಿಲ್ಲ, ಆದರೂ ತೀರಾ ನಿಧಾನ. ಮರದ ಕಾಂಡ ದಪ್ಪವಾಗುವುದು ಮೇಲೆ ಎಲೆ, ಕೊಂಬೆ ಎಗ್ಗಿಲ್ಲದೆ ಬೆಳೆದಾಗ. ಆದ್ದರಿಂದ ಕಸುಬು ಬಲ್ಲವರು ಗಿಡವನ್ನು ನೆಲದಲ್ಲೋ ದೊಡ್ಡ ಕುಂಡದಲ್ಲೋ ಆಳೆತ್ತರ ಬೆಳೆಯಲು ಬಿಡುತ್ತಾರೆ. ಕಾಂಡ ಬೇಕಾದಷ್ಟು ದಪ್ಪವಾದ ಮೇಲೆ ಗೇಣುದ್ದಕ್ಕೆ ಕಡಿಯುತ್ತಾರೆ. ಮತ್ತೆ ಬೆಳೆಯಲು ಬಿಟ್ಟು ಇನ್ನೊಂದಿಷ್ಟು ಮೇಲೆ ಮತ್ತೆ ಕಡಿಯುತ್ತಾರೆ. ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಪೂರ ಎಂಬ ಹಳೆಯ ಮರದ ಆಕಾರ ಹೀಗೆ ಬರುತ್ತದೆ. ನೀವು ಕೈ ಎತ್ತಿ ಹೇಳಿದ್ದಕ್ಕೆ ಇದು ಪೂರ್ತಿ ತದ್ವಿರುದ್ಧ. ಸಸಿಯನ್ನು ಸಸಿಯಾಗಿಯೇ ಹಿಡಿದಿಡುವ ಕೆಲಸ ಇದಲ್ಲ. ಚೆನ್ನಾಗಿ ಉಣ್ಣಿಸಿ ಬೆಳೆಸಿದ ಮರವನ್ನು ಕಡಿದು ಮತ್ತೆ ಕಟ್ಟುವ ಕೆಲಸ. ಹೆಂಡತಿ ಸೊಪ್ಪು ತೊಳೆಯುತ್ತಿದ್ದ ಪ್ಲಾಸ್ಟಿಕ್ ಜಾಲರಿ ಬುಟ್ಟಿ ಹೀಗೆ ಬೆಳೆಸುವುದಕ್ಕೆ ಬಲು ಅನುಕೂಲ. ಬೇರಿನ ತುದಿ ತೂತಿನಿಂದ ಹೊರಬಂದು ಗಾಳಿಗೆ ಒಣಗುತ್ತದೆ, ಒಳಗೆ ಹೊಸ ಕವಲುಬೇರು ಒಡೆಯುತ್ತದೆ. ಬುಟ್ಟಿ ಎಲ್ಲಿ ಹೋಯಿತು ಎಂದು ಅವಳು ಕೇಳಿದಾಗ ನಾನು ಪೇಪರ್ ಓದುತ್ತಿದ್ದೆ.

ಈಗ ಮಣ್ಣಿನ ವಿಷಯ. ಇದಕ್ಕಾಗಿಯೇ ಈ ಬಕೆಟ್ಟು, ಈ ಪಾತ್ರೆ ತೊಳೆಯುವ ಸ್ಪಂಜು ತಂದಿದ್ದೇನೆ. ಮುಂದಿನ ಸಾಲಿನವರು ಸ್ವಲ್ಪ ಎದ್ದು ನಿಂತು ನೋಡಿ. ಸ್ಪಂಜನ್ನು ಪೂರ್ತಿ ನೆನೆಸಿ ಅಂಗೈ ಮೇಲೆ ಅಡ್ಡ ಮಲಗಿಸಿದ್ದೇನೆ. ಹೆಚ್ಚಿನ ನೀರು ಸೋರಿತು, ಈಗ ತೊಟ್ಟಿಕ್ಕುವುದೂ ನಿಂತಿತು. ಹಿಂಡುವುದಿಲ್ಲ, ಸುಮ್ಮನೆ ಇದನ್ನು ಉದ್ದಕ್ಕೆ ನಿಲ್ಲಿಸುತ್ತೇನೆ. ಕಂಡಿತೇ? ಮತ್ತೆ ನೀರು ಸುರಿಯಿತು. ಸ್ಪಂಜು ಅದೇ, ನೀರು ಅದೇ, ಎತ್ತರ ಮಾತ್ರ ಬದಲಾಯಿತು. ಯಾವ ಕುಂಡದಲ್ಲೇ ಆಗಲಿ, ತಳದಲ್ಲಿ ಒಂದಿಷ್ಟು ಎತ್ತರದವರೆಗೆ ನೀರು ಇಳಿಯದೆ ನಿಲ್ಲುತ್ತದೆ. ಆಳದ ಕುಂಡದಲ್ಲಿ ಅದು ಲೆಕ್ಕಕ್ಕಿಲ್ಲ. ಎರಡು ಅಂಗುಲದ ತಟ್ಟೆ ಕುಂಡದಲ್ಲಿ ಬೇರಿಗೆ ಇರುವ ಜಾಗವೇ ಅದು. ನಾವೆಲ್ಲ ಬಳಸುವ ಕೆಮ್ಮಣ್ಣು, ಗೊಬ್ಬರದ ಮಿಶ್ರಣವನ್ನು ಅಲ್ಲಿ ತುಂಬಿದರೆ ಬೇರು ಕೊಳೆಯುತ್ತದೆ. ತೂತು ದೊಡ್ಡದು ಮಾಡಿದರೂ, ತಳಕ್ಕೆ ಜಲ್ಲಿ ಹಾಕಿದರೂ ಉಪಯೋಗವಿಲ್ಲ. ಕಣ ದಪ್ಪಗಿರಬೇಕು, ಅದೊಂದೇ ದಾರಿ.

ಜಪಾನಿನವರು ಇದಕ್ಕೆ ಅಕಡಾಮಾ ಎಂಬ ಜೇಡಿಯ ಉಂಡೆಗಳನ್ನು ಬಳಸುತ್ತಾರೆ. ಇಲ್ಲಿ ತರಿಸಿದರೆ ಚಿನ್ನದ ಬೆಲೆ. ನಮಗೆ ಒದಗಿದ್ದು ಬೀದಿ ಕೊನೆಯಲ್ಲಿ ಕೆಡವಿದ್ದ ಹಳೆ ಮನೆಯ ಇಟ್ಟಿಗೆ. ಹಳೆಯ ಇಟ್ಟಿಗೆ ನೀರು ಹೀರಿ ಹಿಡಿಯುತ್ತದೆ, ಕಣಗಳ ನಡುವೆ ಗಾಳಿಯೂ ಆಡುತ್ತದೆ. ಕುಟ್ಟಿ, ಮೊದಲು ದೊಡ್ಡ ಜರಡಿಯಲ್ಲಿ ಹಾಯಿಸಿ ದಪ್ಪ ಚೂರುಗಳನ್ನು ತೆಗೆಯಬೇಕು, ಆಮೇಲೆ ಸಣ್ಣ ಜರಡಿಯಲ್ಲಿ ಪುಡಿಯನ್ನು ಕಳೆಯಬೇಕು. ಉಳಿಯುವುದು ಕಡಲೆಬೇಳೆಯಿಂದ ಜೋಳದ ಕಾಳಿನವರೆಗಿನ ಗಾತ್ರ. ಅದಕ್ಕೆ ಇದ್ದಿಲ ಚೂರು, ದಪ್ಪ ಮರಳು, ಸ್ವಲ್ಪ ಎರೆಗೊಬ್ಬರ. ಪುಡಿಯನ್ನು ಕಳೆಯುವ ಹಂತದಲ್ಲಿ ಸೋಮಾರಿತನ ಮಾಡುವವರೇ ಹೆಚ್ಚು. ಎಲ್ಲ ಶ್ರಮ ವ್ಯರ್ಥವಾಗುವುದೂ ಅಲ್ಲೇ. ಕುಂಡದ ತೂತಿಗೆ ಸೊಳ್ಳೆಪರದೆಯ ತುಂಡು ಮುಚ್ಚಿ, ಅದರೊಳಗಿಂದಲೇ ತಂತಿ ತೂರಿಸಿ ಗಿಡದ ಬೇರನ್ನು ಕುಂಡಕ್ಕೆ ಬಿಗಿಯಬೇಕು. ಗಾಳಿಗೆ ಅಲ್ಲಾಡುವ ಗಿಡ ಹೊಸ ಬೇರು ಬಿಡಲಾರದು.

ಇಂಥ ಒರಟು ಮಣ್ಣು ಬೇಗ ಒಣಗುತ್ತದೆ, ಆದ್ದರಿಂದ ನೀರು ಹೆಚ್ಚು ಬೇಕು. ಏಪ್ರಿಲಿನಲ್ಲಿ ಎರಡು ಹೊತ್ತು. ಜುಲೈನಲ್ಲಿ ವಾರಗಟ್ಟಲೆ ಏನೂ ಬೇಡ. ದಿನಕ್ಕೆ ಇಷ್ಟು ಲೋಟ ಎಂದು ಲೆಕ್ಕ ಹೇಳುವವರನ್ನು ನಂಬಬೇಡಿ. ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಮಣ್ಣಿಗೆ ಚುಚ್ಚಿಡಿ, ಸ್ವಲ್ಪ ಹೊತ್ತು ಬಿಟ್ಟು ಹೊರಗೆಳೆಯಿರಿ. ಕಡ್ಡಿ ಕಪ್ಪಾಗಿದ್ದರೆ ಒಳಗೆ ತೇವವಿದೆ, ತಿಳಿ ಬಣ್ಣದಲ್ಲೇ ಇದ್ದರೆ ನೀರು ಹಾಕುವ ಹೊತ್ತು. ಮೈಸೂರಿನಲ್ಲಿ ಊದುಬತ್ತಿ ಕಡ್ಡಿಗೆ ಬರವೇ? ಈ ಪರೀಕ್ಷೆ ನಮ್ಮ ಮನೆಯಲ್ಲಿ ಮೊಮ್ಮಗನ ಇಲಾಖೆ. ಅವನು ಶಾಲೆಗೆ ಹೊರಡುವ ಮುನ್ನ ವರದಿ ಒಪ್ಪಿಸುತ್ತಾನೆ.

ಕೊಂಬೆಗೆ ತಂತಿ ಸುತ್ತಿ ಬೇಕಾದ ಆಕಾರಕ್ಕೆ ಬಗ್ಗಿಸುವ ಕೆಲಸ ನನ್ನದು. ಉದ್ಯೋಗವಿಡೀ ತಂತಿಯೊಂದಿಗೇ ಕಳೆದವನಿಗೆ ಇದಾದರೂ ಸುಲಭವಾಗಬೇಕಿತ್ತು. ಅಂಗಡಿಯಲ್ಲಿ ಇದಕ್ಕೆಂದೇ ಅಲ್ಯೂಮಿನಿಯಂ ತಂತಿ ಸಿಗುತ್ತದೆ, ಹೊಸಬರಿಗೆ ಅದೇ ಸುಲಭ. ನನ್ನ ಬಳಿ ಹಳೆಯ ವೈರಿಂಗಿನ ತಾಮ್ರದ ತಂತಿ ರಾಶಿ ಇತ್ತು. ಮೇಲಿನ ಪ್ಲಾಸ್ಟಿಕ್ಕನ್ನು ಪೂರ್ತಿ ಸುಲಿದು, ಇದ್ದಿಲ ಕೆಂಡದ ಮೇಲೆ ಮಂದ ಕೆಂಪಗಾಗುವವರೆಗೆ ಕಾಯಿಸಿ ತೆಗೆದರೆ ತಾಮ್ರ ಮೆತ್ತಗಾಗುತ್ತದೆ. ಕೊಂಬೆಗೆ ಸುತ್ತಿ ಬಗ್ಗಿಸುತ್ತಿದ್ದಂತೆ ಅದೇ ತಂತಿ ಮತ್ತೆ ಬಿರುಸಾಗಿ ಕೊಂಬೆಯನ್ನು ಹಿಡಿದು ನಿಲ್ಲಿಸುತ್ತದೆ. ತಂತಿಯ ದಪ್ಪ ಕೊಂಬೆಯ ದಪ್ಪದಲ್ಲಿ ಮೂರನೆಯ ಒಂದು ಭಾಗ, ಸುತ್ತು 45 ಡಿಗ್ರಿ ಓರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇಲ್ಲಿ ಅರ್ಧ ಮಾತ್ರ ನಿಜ. ಹುಣಸೆ ಗಾದೆಯ ಮಾತು ಕೇಳುತ್ತದೆ, ಬಲಿತ ಕೊಂಬೆ ಪಟ್ಟೆಂದು ಮುರಿಯುತ್ತದೆ. ಆಲದ ಕೊಂಬೆ ಬೆರಳು ದಪ್ಪವಾದ ಮೇಲೂ ತಾಳ್ಮೆಯಿಂದ ಹೇಳಿದರೆ ಬಗ್ಗುತ್ತದೆ.

ಆದರೆ ಆಲ ಬೆಳೆಯುವ ವೇಗ ನೋಡಿ. ಮಳೆಗಾಲದಲ್ಲಿ ಕೆಲವೇ ವಾರಗಳಲ್ಲಿ ಕೊಂಬೆ ಉಬ್ಬಿ ತಂತಿ ತೊಗಟೆಯೊಳಗೆ ಇಳಿಯುತ್ತದೆ. ಸುರುಳಿ ಸುರುಳಿಯಾದ ಗಾಯದ ಗುರುತು ವರ್ಷಗಟ್ಟಲೆ ಹೋಗುವುದಿಲ್ಲ. ನಮ್ಮ ಆಲದ ಎಡಗೊಂಬೆಯಲ್ಲಿ ಈಗಲೂ ಇದೆ, ಸೊಸೆ ಅದನ್ನು ಬಂದವರಿಗೆಲ್ಲ ತೋರಿಸಿ "ಇದು ಮಾವನ ಸಹಿ" ಎನ್ನುತ್ತಾಳೆ. ತಂತಿ ತೆಗೆಯುವಾಗ ಸುತ್ತು ಬಿಚ್ಚಲು ಹೋಗಬೇಡಿ, ಕೊಂಬೆ ಮುರಿಯುತ್ತದೆ. ಕಟಿಂಗ್ ಪ್ಲೇಯರ್‌ನಿಂದ ತುಂಡು ತುಂಡಾಗಿ ಕತ್ತರಿಸಿ ಉದುರಿಸಿ.

ಯಾವ ಆಕಾರಕ್ಕೆ ಬಗ್ಗಿಸಬೇಕು ಎಂಬುದರಲ್ಲಿ ನಮ್ಮ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಜಪಾನಿನ ಕ್ರಮದಲ್ಲಿ ನೆಟ್ಟಗೆ ನಿಂತದ್ದು ಚೊಕ್ಕನ್, ಬಳುಕಿ ಏರಿದ್ದು ಮೊಯೊಗಿ, ಬಂಡೆಯಿಂದ ಕೆಳಗೆ ಜೋತದ್ದು ಕೆಂಗಾಯ್, ಗಾಳಿಗೆ ಒಂದೇ ಕಡೆ ಬಾಗಿದ್ದು ಫುಕಿನಾಗಾಶಿ. ಮಗ ಇವನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. ಅವು ಹುಟ್ಟಿದ್ದು ಬೆಟ್ಟದ ಪೈನ್ ಮರಗಳನ್ನು ನೋಡಿ. ಆಲ ಎಲ್ಲಾದರೂ ಬಂಡೆಯಿಂದ ಹಿಮದ ಭಾರಕ್ಕೆ ಜೋತು ಬಿದ್ದದ್ದುಂಟೇ? ಹಾಗಾಗಿ ಬೆಂಗಳೂರಿಗೆ ಮದುವೆಗೆ ಹೋದವರು ರಾಮೋಹಳ್ಳಿಯ ಬಳಿ ಕೇತೋಹಳ್ಳಿಯ ದೊಡ್ಡ ಆಲದ ಮರವನ್ನು ನೋಡಿಕೊಂಡು ಬಂದೆವು. ಸುಮಾರು 400 ವರ್ಷದ್ದು ಎನ್ನುತ್ತಾರೆ, ಮೂರು ಎಕರೆಯಷ್ಟು ಹರಡಿದೆ. ಮೂಲ ಕಾಂಡ ರೋಗ ತಗುಲಿ ಯಾವಾಗಲೋ ಹೋಯಿತು. ಬಿಳಲುಗಳು ನೆಲ ಮುಟ್ಟಿ, ದಪ್ಪವಾಗಿ, ತಾವೇ ಕಾಂಡಗಳಾಗಿ ಮರವನ್ನು ಹೊತ್ತಿವೆ. ಎತ್ತರಕ್ಕಿಂತ ಹರವು ಹೆಚ್ಚು. ನಮ್ಮ ಗಿಡಕ್ಕೆ ಮಾದರಿ ಇದೇ ಎಂದು ಅಲ್ಲೇ ತೀರ್ಮಾನವಾಯಿತು.

ಬಿಳಲು ಕುಂಡದ ಆಲಕ್ಕೆ ಸುಲಭವಾಗಿ ಬರುವುದಿಲ್ಲ. ಗಾಳಿಯಲ್ಲಿ ತೇವ ಬೇಕು. ಮಳೆಗಾಲದಲ್ಲಿ ಕೊಂಬೆಯಡಿ ಕೂದಲೆಳೆಯಂಥ ಬೇರು ಹೊರಟರೂ ಬಿಸಿಲು ಬಂದೊಡನೆ ತುದಿ ಸುಟ್ಟುಹೋಗುತ್ತದೆ. ಇದಕ್ಕೊಂದು ಉಪಾಯವಿದೆ. ಎಳನೀರು ಕುಡಿಯುವ ಕೊಳವೆಯನ್ನು ಉದ್ದಕ್ಕೆ ಸೀಳಿ, ಒದ್ದೆ ಪಾಚಿ ತುಂಬಿ, ಬಿಳಲನ್ನು ಒಳಗೆ ಸೇರಿಸಿ ಕೊಳವೆಯ ಬುಡವನ್ನು ಮಣ್ಣಿಗೆ ಊರಬೇಕು. ಬೇರು ಕತ್ತಲಲ್ಲಿ, ತೇವದಲ್ಲಿ ಕೆಳಗಿಳಿದು ಮಣ್ಣು ಸೇರುತ್ತದೆ. ಮಣ್ಣು ಸೇರಿತೆಂದರೆ ಅದರ ಗತ್ತೇ ಬೇರೆ, ನೋಡನೋಡುತ್ತಲೇ ದಪ್ಪವಾಗುತ್ತದೆ. ನಮ್ಮ ಗಿಡದಲ್ಲಿ ಒಂದು ಇಳಿದಿದೆ, ಇನ್ನೊಂದು ದಾರಿಯಲ್ಲಿದೆ. ಕೊಳವೆ ಬಿಚ್ಚಿ ನೋಡಬೇಕೆಂಬ ಮೊಮ್ಮಗನ ಆಸೆಯನ್ನು ತಡೆಯುವುದೇ ದೊಡ್ಡ ಕೆಲಸವಾಗಿದೆ.

ಜಪಾನಿನ ಮಾತು ಬಂದದ್ದರಿಂದ ಒಂದೆರಡು ಸಂಗತಿ ಹೇಳಿಬಿಡುತ್ತೇನೆ. ಕಲೆಯ ಬೇರು ಇರುವುದು ಚೀನಾದಲ್ಲಿ. 706ರ ಒಂದು ರಾಜಕುಮಾರನ ಸಮಾಧಿಯ ಗೋಡೆಚಿತ್ರದಲ್ಲಿ ಪರಿಚಾರಕಿಯರು ತಟ್ಟೆಯಲ್ಲಿ ಪುಟ್ಟ ಗಿಡಗಳನ್ನು ಹಿಡಿದು ನಿಂತಿದ್ದಾರೆ. ಜಪಾನಿಗೆ ಹೋಗಿ ಅದು ತನ್ನದೇ ರೂಪ ಪಡೆಯಿತು. 1923ರ ಭೂಕಂಪದಲ್ಲಿ ಟೋಕಿಯೊ ನಾಶವಾದ ಮೇಲೆ ಅಲ್ಲಿನ ಬೋನ್ಸಾಯ್ ಬೆಳೆಗಾರರು ಒಳ್ಳೆಯ ಮಣ್ಣು, ನೀರು ಹುಡುಕಿಕೊಂಡು ಉತ್ತರಕ್ಕೆ ಹೋಗಿ 1925ರಲ್ಲಿ ಒಮಿಯಾದಲ್ಲಿ ಒಂದು ಊರನ್ನೇ ಕಟ್ಟಿದರು. ಅಲ್ಲಿ ನೆಲೆಸುವವರಿಗೆ ಕಟ್ಟಳೆಗಳಿದ್ದವು: ಕನಿಷ್ಠ ಹತ್ತು ಬೋನ್ಸಾಯ್ ಇರಬೇಕು, ಬಂದವರಿಗೆ ಬಾಗಿಲು ತೆರೆದಿರಬೇಕು, ಇಟ್ಟಿಗೆ ಗೋಡೆಯ ಬದಲು ಗಿಡದ ಬೇಲಿ ಇರಬೇಕು, ಎರಡಂತಸ್ತಿನ ಮನೆ ಕಟ್ಟಬಾರದು. ಕೊನೆಯ ಕಟ್ಟಳೆಯನ್ನು ನಮ್ಮ ಬಡಾವಣೆಯಲ್ಲೂ ಜಾರಿಗೆ ತರಬೇಕೆಂದು ನನ್ನ ಸಲಹೆ. ಪಕ್ಕದ ಮನೆಯ ಮೂರನೆಯ ಅಂತಸ್ತು ಎದ್ದ ಮೇಲೆ ನಮ್ಮ ತಾರಸಿಗೆ ಹತ್ತು ಗಂಟೆಯವರೆಗೆ ಬಿಸಿಲಿಲ್ಲ.

ಇನ್ನೊಂದು, ಹಿರೋಷಿಮಾದ ಯಮಾಕಿ ಕುಟುಂಬದ ಪೈನ್. 1625ರಿಂದ ಕುಂಡದಲ್ಲಿ ರೂಪಗೊಳ್ಳುತ್ತ ಬಂದದ್ದು. 1945ರ ಆಗಸ್ಟ್ 6ರಂದು ಬಾಂಬು ಬಿದ್ದ ಜಾಗದಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿತ್ತು. ಒಂದು ಗೋಡೆ ಅಡ್ಡವಿದ್ದದ್ದರಿಂದ ಉಳಿಯಿತು. 1976ರಲ್ಲಿ ಮಸಾರು ಯಮಾಕಿ ಅದನ್ನು ಅಮೆರಿಕಕ್ಕೇ ಉಡುಗೊರೆಯಾಗಿ ಕೊಟ್ಟರು. ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿದೆ. 2001ರಲ್ಲಿ ಅವರ ಮೊಮ್ಮಕ್ಕಳು ಗಿಡ ನೋಡಲು ಹೋಗಿ ಹೇಳುವವರೆಗೆ ಅದು ಬಾಂಬನ್ನು ದಾಟಿ ಬಂದದ್ದೆಂದು ಅಲ್ಲಿಯವರಿಗೆ ತಿಳಿದಿರಲಿಲ್ಲ. ಈ ಕತೆ ಕೇಳಿದ ಮೇಲೆ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ತಲೆಮಾರಿನಲ್ಲಿ ಯಾರೂ ಊರಿಗೆ ಹೋಗಲೇ ಇಲ್ಲವೇ? ನೀರು ಹಾಕಿದವರು ಯಾರು?" ಪೈನಿನ ವಯಸ್ಸಿಗಿಂತ ಈ ಪ್ರಶ್ನೆ ನನಗೆ ದೊಡ್ಡದಾಗಿ ಕಂಡಿತು.

ಅರಳಿಯನ್ನು ಮರೆತೆ ಎಂದುಕೊಳ್ಳಬೇಡಿ. ಅರಳಿಗೆ ಕತ್ತರಿ ಹಾಕಲು ಅಮ್ಮ ಸುತರಾಂ ಒಪ್ಪಲಿಲ್ಲ. ಗೋಡೆಯಿಂದ ಕಿತ್ತದ್ದೇ ಸಾಕು, ಎಸೆಯಬಾರದು, ಕಡಿಯಬಾರದು. ಆಮೇಲೆ ಅವರೇ ಒಂದು ದಿನ, "ಒಂಟಿ ಅರಳಿ ಬೇಡ, ಪಕ್ಕದಲ್ಲಿ ಬೇವು ಇಡು" ಎಂದರು. ಅಮ್ಮನ ತವರಿನಲ್ಲಿ ಊರ ಮುಂದೆ ಅರಳಿ, ಬೇವು ಒಟ್ಟಿಗೆ ಬೆಳೆದ ಕಟ್ಟೆಯಿದೆ, ಬುಡದಲ್ಲಿ ನಾಗರಕಲ್ಲುಗಳಿವೆ. ಅದರ ಪುಟ್ಟ ರೂಪ ನಮ್ಮ ತಾರಸಿಯಲ್ಲಿ ಆಗಬೇಕೆಂದು ಅವರ ಆಸೆ. ಅಗಲವಾದ ಮಣ್ಣಿನ ಕುಂಡ ತಂದೆವು, ಎರಡನ್ನೂ ನೆಟ್ಟೆವು, ಸೊಸೆ ಇಟ್ಟಿಗೆ ಚೂರುಗಳಿಂದ ಸುತ್ತ ಕಟ್ಟೆ ಕಟ್ಟಿದಳು. ಬೋನ್ಸಾಯ್ ದೃಷ್ಟಿಯಿಂದ ಅರಳಿ ಒಳ್ಳೆಯ ಆಯ್ಕೆಯಲ್ಲ. ಎಲೆ ದೊಡ್ಡದು, ಗಿಣ್ಣಿನಿಂದ ಗಿಣ್ಣಿಗೆ ದೂರ. ಆದರೆ ನಮ್ಮ ಮನೆಗೆ ಬಂದವರು ಮೊದಲು ನಿಂತು ನೋಡುವುದು ಅದನ್ನೇ, ಆಲವನ್ನಲ್ಲ.

ತೊಂದರೆ ದಾಂಪತ್ಯದಲ್ಲಿ ಬಂತು. ಅರಳಿಯ ಬೇರು ಒಂದೇ ಮಳೆಗಾಲದಲ್ಲಿ ಕುಂಡವನ್ನೆಲ್ಲ ಆಕ್ರಮಿಸಿತು. ಬೇವಿಗೆ ಬೇರು ಕದಲಿಸುವುದೂ ಆಗದು, ಕಾಲಡಿ ನೀರು ನಿಲ್ಲುವುದೂ ಆಗದು. ಅದು ಕೆಳಗಿನ ಎಲೆಗಳನ್ನು ಉದುರಿಸಿ ಮುನಿಸಿಕೊಂಡಿತು. ಬೇರೆ ಕುಂಡಕ್ಕೆ ಹಾಕೋಣ ಎಂದರೆ ಅಮ್ಮ, "ಮದುವೆ ಮಾಡಿಸಿ ಈಗ ಬೇರೆ ಮನೆ ಮಾಡಿಸುತ್ತೀಯಾ?" ಎಂದು ಗದರಿದರು. ಕೊನೆಗೆ ಮಗ ಕುಂಡದ ನಡುವೆ ಒಂದು ಕಡಪ ಕಲ್ಲಿನ ಚಪ್ಪಡಿಯನ್ನು ನಿಲ್ಲಿಸಿ ಬೇರುಗಳನ್ನು ಬೇರ್ಪಡಿಸಿದ. ಮೇಲಿಂದ ನೋಡಿದರೆ ಒಂದೇ ಕಟ್ಟೆ, ಒಳಗೆ ಎರಡು ಒಲೆ. ಬೇವು ಈಗ ಚಿಗುರುತ್ತಿದೆ. ಅಮ್ಮನಿಗೆ ಕಲ್ಲಿನ ವಿಷಯ ಹೇಳಿಲ್ಲ. ದಯವಿಟ್ಟು ನೀವೂ ಹೇಳಬೇಡಿ.

ಮೊಮ್ಮಗನ ಗಿಡ ಹುಣಸೆ. ಬೀಜವನ್ನು ರಾತ್ರಿ ನೆನೆಸಿ ಅವನೇ ಊರಿದ್ದು. ಎಲೆ ಹುಟ್ಟಿನಿಂದಲೇ ಚಿಕ್ಕದಾದ್ದರಿಂದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಗಿಡ ಇಲ್ಲ. ಮೊದಲ ಸಂಜೆ ಎಲೆಗಳೆಲ್ಲ ಮಡಚಿಕೊಂಡದ್ದನ್ನು ಕಂಡು ಅಳುತ್ತ ಕೆಳಗೆ ಓಡಿ ಬಂದ. ಹುಣಸೆ ರಾತ್ರಿ ಮಲಗುತ್ತದೆ ಎಂದು ತಿಳಿದ ಮೇಲೆ ಟಾರ್ಚ್ ಹಿಡಿದು ಹೋಗಿ ಅದನ್ನು ಎಬ್ಬಿಸಲು ನೋಡುತ್ತಿದ್ದ. ಹುಣಸೆ ಮರದಲ್ಲಿ ದೆವ್ವ ಇರುತ್ತದೆ ಎಂದು ಅಜ್ಜಿ ಹೆದರಿಸಿದಾಗ, ಇಷ್ಟು ಚಿಕ್ಕ ಮರದಲ್ಲಿ ಎಷ್ಟು ದೊಡ್ಡ ದೆವ್ವ ಕೂರಬಹುದು ಎಂದು ಅವನು ಕೇಳಿದ. ಅದಕ್ಕೆ ಉತ್ತರ ಮನೆಯಲ್ಲಿ ಯಾರ ಬಳಿಯೂ ಇರಲಿಲ್ಲ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ವಾಸ್ತುವಿನ ಪ್ರಕಾರ ಬೋನ್ಸಾಯ್ ಮನೆಯ ಏಳಿಗೆಯನ್ನು ತಡೆಯುತ್ತದೆಯಂತೆ ಎಂದು ಒಬ್ಬರು ಕೇಳಿದರು. ಗೋಡೆಯಲ್ಲಿ ಬಿಟ್ಟ ಆಲ ಮನೆಯನ್ನೇ ಬೀಳಿಸುತ್ತದೆ, ಅದಕ್ಕಿಂತ ಕುಂಡ ವಾಸಿ ಎಂದೆ. ನಂಬಿಕೆ ಇದ್ದವರು ಒತ್ತಾಯಕ್ಕೆ ಬೆಳೆಸುವುದು ಬೇಡ. ಮನಸ್ಸಿನಲ್ಲಿ ಅಳುಕಿಟ್ಟುಕೊಂಡು ಗಿಡ ಸಾಕಿದರೆ, ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಬೈಗುಳ ಗಿಡಕ್ಕೇ.

ಮಾವಿನ ಬೋನ್ಸಾಯ್ ಆಗುತ್ತದೆಯೇ? ಆಗುತ್ತದೆ, ಆದರೆ ನೆನಪಿಡಿ, ಚಿವುಟಿ ಚಿವುಟಿ ಎಲೆಯನ್ನು ಚಿಕ್ಕದು ಮಾಡಬಹುದು, ಹಣ್ಣು ಹೂಗಳು ತಮ್ಮ ಗಾತ್ರ ಬಿಡುವುದಿಲ್ಲ. ಗೇಣುದ್ದದ ಮರದಲ್ಲಿ ರಸಪುರಿ ಜೋತಾಡುವುದು ನೋಡಲು ವಿಚಿತ್ರ, ಕೊಂಬೆಗೂ ಕಷ್ಟ. ಚಿಕ್ಕ ಹಣ್ಣಿನ, ಚಿಕ್ಕ ಹೂವಿನ ಜಾತಿಯನ್ನು ಆರಿಸಿ.

ಎಲೆ ಮಡಚಿಕೊಂಡು ಒಳಗೆ ಕಪ್ಪು ಹುಳಗಳಿವೆ ಎಂದು ಹಿಂದಿನ ಸಾಲಿನ ಒಬ್ಬ ಅಮ್ಮ ಒಂದು ಎಲೆಯನ್ನೇ ತಂದು ತೋರಿಸಿದರು. ಅದು ಥ್ರಿಪ್ಸ್, ಆಲದ ಜಾತಿಯ ಅಲಂಕಾರಿಕ ಗಿಡಗಳಲ್ಲಿ ಮಾಮೂಲಿ. ಮಡಚಿದ ಎಲೆಗಳನ್ನು ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ, ತಾರಸಿಯಲ್ಲೇ ಉದುರಿಸಬೇಡಿ. ಆಮೇಲೆ ಬೇವಿನೆಣ್ಣೆಗೆ ಚೂರು ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ಊರಿಗೆ ಹೋದಾಗ ಏನು ಮಾಡುತ್ತೀರಿ? ನನ್ನ ಹೆಂಡತಿಯ ಪ್ರಶ್ನೆಯೇ ಮತ್ತೆ ಬಂತು. ಎರಡು ದಿನಕ್ಕಾದರೆ ಕುಂಡಗಳನ್ನು ನೆರಳಿಗೆ ಸರಿಸಿ ಒದ್ದೆ ಮರಳಿನ ತಟ್ಟೆಯ ಮೇಲಿಡುತ್ತೇವೆ. ಅದಕ್ಕಿಂತ ಹೆಚ್ಚಾದರೆ ಮೂರನೆಯ ಅಂತಸ್ತಿನ ಪಕ್ಕದ ಮನೆಯವರೇ ಬಂದು ನೀರು ಹಾಕುತ್ತಾರೆ. ಅವರು ಇಲ್ಲೇ ಕುಳಿತಿದ್ದಾರೆ, ಬಿಸಿಲಿನ ಬಗ್ಗೆ ಆಗ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಬಾಗಿಲ ಪಕ್ಕದ ಮೇಜಿನ ಮೇಲೆ ಆಲದ ಕಡ್ಡಿಗಳು, ಬೇರು ಬಿಟ್ಟವು, ಹಾಲಿನ ಪ್ಯಾಕೆಟ್‌ಗಳಲ್ಲಿವೆ. ಬೇಕಾದವರು ಒಂದೊಂದು ಒಯ್ಯಿರಿ. ಈಗಲೇ ತಟ್ಟೆ ಕುಂಡಕ್ಕೆ ಹಾಕಬೇಡಿ, ದೊಡ್ಡ ಬುಟ್ಟಿಯಲ್ಲಿ ಬೆಳೆಯಲು ಬಿಡಿ. ಬೇರು ಕತ್ತರಿಸುವ ಕೆಲಸ ಏನಿದ್ದರೂ ಮಳೆ ಹಿಡಿದ ಮೇಲೆ. ಇಟ್ಟಿಗೆ ಚೂರು ಬೇಕಾದವರು ಮನೆಗೆ ಬನ್ನಿ, ಜರಡಿ ಹಿಡಿಯುವ ಕೆಲಸ ನಿಮ್ಮದು. ಅರಳಿ ಸಸಿಯನ್ನು ಮಾತ್ರ ಕೇಳಬೇಡಿ, ಅದನ್ನು ಅಮ್ಮನನ್ನೇ ಕೇಳಬೇಕು. ಬೇವಿನ ಸಸಿಯನ್ನೂ ಕೈಯಲ್ಲಿ ಹಿಡಿದು ಬಂದವರಿಗೆ ಕೊಟ್ಟರೂ ಕೊಡಬಹುದು.